ಎಂಟು ಪಿಕೊಸೆಕೆಂಡು

ನಾನು ಚಿಪ್ ಡಿಸೈನ್ ಮಾಡ್ತೀನಿ ಅಂದಾಗ ಸೋದರತ್ತೆ ಕೇಳಿದ್ದು ಒಂದೇ: “ಬಾಳೆಕಾಯಿದೋ, ಆಲೂಗಡ್ಡೆದೋ?” ನಗುವ ತ್ರಾಣವಿರಲಿಲ್ಲ. ಹಿಂದಿನ ರಾತ್ರಿ 3 ಗಂಟೆಯವರೆಗೆ 8 ಪಿಕೊಸೆಕೆಂಡಿಗಾಗಿ ಒದ್ದಾಡಿದ್ದೆ. ಸೆಕೆಂಡನ್ನು ಲಕ್ಷ ಕೋಟಿ ಚೂರು ಮಾಡಿದರೆ ಅದರಲ್ಲೊಂದು ಚೂರು ಈ ಪಿಕೊಸೆಕೆಂಡು. ಸಿಗ್ನಲ್ ಅಷ್ಟು ತಡವಾಗಿ ಬಂದರೂ ಟೈಮಿಂಗ್ ರಿಪೋರ್ಟಿನಲ್ಲಿ ಮೈನಸ್ ಗುರುತು, ಮ್ಯಾನೇಜರ್ ಮುಖದಲ್ಲಿ ಗಂಟು. ಅದೇ ನಾನು ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ 50 ನಿಮಿಷ ನಿಂತು ಬಂದರೆ “ಟ್ರಾಫಿಕ್ಕಾ?” ಅಂತ ಕಾಫಿ ಕೊಡಿಸುತ್ತಾರೆ.

ಟೇಪ್‌ಔಟ್ ಆದಮೇಲೆ, ಅಂದರೆ ಡಿಸೈನ್ ತಯಾರಿಕೆಗೆ ಹೋದಮೇಲೆ, ತಿದ್ದುವಂತಿಲ್ಲ ಅತ್ತೆ, 1994ರಲ್ಲಿ ಪೆಂಟಿಯಮ್ ಚಿಪ್ ಭಾಗಾಕಾರ ತಪ್ಪಿದ್ದಕ್ಕೆ ಇಂಟೆಲ್‌ಗೆ 47.5 ಕೋಟಿ ಡಾಲರ್ ಕೈಬಿಟ್ಟುಹೋಯಿತು ಎಂದೆ.

ಅತ್ತೆ ಹಪ್ಪಳ ಮಗುಚಿದರು. “ಭಾಗಾಕಾರಕ್ಕಾ? ನಮ್ಮ ಮೇಷ್ಟ್ರು ಬರೀ ಕಿವಿ ಹಿಂಡ್ತಿದ್ರು ಕಣೋ.”