ಸೆಕೆಂಡ್ ಹ್ಯಾಂಡ್ ಭೇಜಾ

ಕಾಚಿಗೂಡದ ಕರ್ನಾಟಕ ಸಾಹಿತ್ಯ ಮಂದಿರದಲ್ಲಿ ಕಾರ್ಯಕ್ರಮ ಮುಗಿದ ಮೇಲೆ ಚಪ್ಪಲಿ ಹುಡುಕುವ ನೆಪದಲ್ಲಿ ಅರ್ಧ ತಾಸು ನಿಂತು ಮಾತಾಡುವ ಒಂದು ಗುಂಪಿದೆ. ಅದರಲ್ಲಿ ನಾನೂ ಒಬ್ಬ. ಅಲ್ಲಿ ಯಾರಾದರೂ "ಬದಲಿ ಮಾಡಿಸಬೇಕಂತ ಮಾಡೀನ್ರಿ" ಎಂದು ಬಾಯಿಬಿಟ್ಟರೆ ಸಾಕು, ಎಲ್ಲರ ಕಣ್ಣೂ ಅವರ ಮೊಣಕಾಲಿಗೆ ಹೋಗುತ್ತದೆ. ನಮ್ಮ ಗುಂಪಿನ ವಯಸ್ಸೇ ಅಂಥದು. ಯಾವ ಆಸ್ಪತ್ರೆ, ಒಂದೋ ಎರಡೋ, ಆಮೇಲೆ ನೆಲದ ಮೇಲೆ ಕೂತು ಉಣ್ಣಲಿಕ್ಕೆ ಆಗುತ್ತದೋ ಇಲ್ಲವೋ ಎಂಬ ವಿಚಾರಣೆ ಶುರುವಾಗುತ್ತದೆ. ಹೀಗಾಗಿ ನಾನು "ಪ್ರೊಸೆಸರ್ ಬದಲಿ ಮಾಡಿಸಬೇಕು" ಅಂದಾಗ ಹಿರಿಯರೊಬ್ಬರು ಭಾಳ ಕಳಕಳಿಯಿಂದ ಕೇಳಿದರು: "ಎಡಗಾಲಿಂದೋ, ಬಲಗಾಲಿಂದೋ?"

ಕಾಲಿಂದಲ್ಲ, ಲ್ಯಾಪ್‌ಟಾಪಿಂದು ಎಂದೆ. ಅವರಿಗೆ ನಿರಾಸೆಯಾಯಿತು. ಆದರೂ ಅವರ ಪ್ರಶ್ನೆ ಅಷ್ಟೇನೂ ಅಡ್ಡಾದಿಡ್ಡಿಯಾಗಿರಲಿಲ್ಲ. ಹಳೆಯ ದೇಹದಲ್ಲಿ ಒಂದೇ ಒಂದು ಭಾಗವನ್ನು ಹೊಸದು ಮಾಡಿ ಉಳಿದದ್ದನ್ನು ಹಾಗೇ ಓಡಿಸುವ ಆಸೆ ಎರಡರಲ್ಲೂ ಒಂದೇ. ಡಾಕ್ಟರು ಹೇಳುವ ಮಾತೂ ಒಂದೇ: ಮೊದಲು ತೂಕ ಇಳಿಸಿ, ಆಮೇಲೆ ನೋಡೋಣ.

ನಮ್ಮ ಮನೆಯಲ್ಲಿ ಬಟ್ಟೆಬರೆ ದೊಡ್ಡವರಿಂದ ಚಿಕ್ಕವರಿಗೆ ಇಳಿದು ಬರುತ್ತಿದ್ದ ಕಾಲವೊಂದಿತ್ತು. ಅಣ್ಣನ ಅಂಗಿ ತಮ್ಮನಿಗೆ, ತಮ್ಮನಿಗೂ ಗಿಡ್ಡವಾದರೆ ಒರೆಸುವ ಅರಿವೆಗೆ. ಎಲೆಕ್ಟ್ರಾನಿಕ್ ಸಾಮಾನು ಬಂದ ಮೇಲೆ ಹರಿವಿನ ದಿಕ್ಕು ತಿರುಗಿತು. ಮಗ ಬಿಟ್ಟ ಫೋನು ನನಗೆ, ಮಗ ಬಿಟ್ಟ ಹೆಡ್‌ಫೋನು ನನ್ನ ಹೆಂಡತಿಗೆ. ಈ ಲ್ಯಾಪ್‌ಟಾಪೂ ಹಾಗೆ ಮೇಲಕ್ಕೆ ಹರಿದು ಬಂದದ್ದು. 2011ರಲ್ಲಿ ಅವನು ಕಾಲೇಜಿನಲ್ಲಿದ್ದಾಗ ಕೊಂಡದ್ದು. ಕಪ್ಪು ಬಣ್ಣ, ಒಳ್ಳೆ ಭಾರ, ಒಳಗೆ ಇಂಟೆಲ್‌ನ ಐ3-2310ಎಂ. ಅವನು ಹೈಟೆಕ್ ಸಿಟಿಯಲ್ಲಿ ನೌಕರಿಗೆ ಸೇರಿದ ಮೇಲೆ ಕಂಪನಿಯವರು ಅಡಕೆ ಹಾಳೆಯಷ್ಟು ತೆಳ್ಳಗಿನದೊಂದನ್ನು ಕೊಟ್ಟರು, ಇದು ನನ್ನ ಮೇಜಿಗೆ ಬಂತು.

ನಿಧಾನ ಅಂದರೆ ಎಷ್ಟು ನಿಧಾನ? ಬೆಳಿಗ್ಗೆ ಗುಂಡಿ ಒತ್ತಿ ಸ್ನಾನಕ್ಕೆ ಹೋಗುತ್ತಿದ್ದೆ. ಸ್ನಾನ, ಸಂಧ್ಯಾವಂದನೆ, ಉಪ್ಪಿಟ್ಟು ಮುಗಿಸಿ ಬಂದರೆ ಪರದೆಯ ಮೇಲೆ ಆ ಚಿಕ್ಕ ವರ್ತುಲ ಇನ್ನೂ ತಿರುಗುತ್ತಲೇ ಇರುತ್ತಿತ್ತು. "ಎದ್ದಿತೇನ್ರೀ ನಿಮ್ಮ ಕುಂಭಕರ್ಣ?" ಎಂದು ಇವಳು ಅಡುಗೆಮನೆಯಿಂದಲೇ ಕೇಳುತ್ತಿದ್ದಳು. ನಾನು ಕೇಳಿಸದವರ ಹಾಗೆ ಪೇಪರ್ ಓದುತ್ತಿದ್ದೆ. ಕಿವಿ ಮಂದವಾಗಿದೆ ಎಂಬ ಸುದ್ದಿ ಮನೆಯಲ್ಲಿ ಹಬ್ಬಲು ಈ ಲ್ಯಾಪ್‌ಟಾಪೂ ಒಂದು ಕಾರಣ.

ಹೊಸದು ಕೊಳ್ಳಬಾರದಿತ್ತೇ ಅನ್ನುತ್ತೀರಿ. ಮಗನೂ ಅದನ್ನೇ ಅಂದ. ಆದರೆ ಇದರ ಹೊಟ್ಟೆಯಲ್ಲಿ ನಾನು ವರ್ಷಗಟ್ಟಲೆ ನುಡಿಯಲ್ಲಿ ಟೈಪು ಮಾಡಿದ್ದೆಲ್ಲ ಇದೆ. ಹಳೆಯ ನುಡಿಯ ಕಡತಗಳ ಹಣೆಬರಹ ಗೊತ್ತಲ್ಲ, ಅದರ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ತೆರೆದರೆ ಕನ್ನಡವೆಲ್ಲ ಇಂಗ್ಲಿಷ್ ಅಕ್ಷರ, ಕೊಂಬು, ಗೆರೆಗಳ ಕಲಸುಮೇಲೋಗರ. ಯುನಿಕೋಡಿಗೆ ಬದಲಿಸಿಕೊಳ್ಳಬಹುದು, ದಾರಿಗಳಿವೆ. ಬದಲಿಸಿದರೆ ಅರ್ಕಾವೊತ್ತು ಎಲ್ಲೋ ಹೋಗಿ ಕೂತಿರುತ್ತದೆ ಎಂದು ನನ್ನ ಗುಮಾನಿ. ಇನ್ನು ಕೀಲಿಮಣೆಯ ಮಾತು ಬೇರೆ. ಕಿನ್ನಿಕಂಬಳ ಪದ್ಮನಾಭರಾಯರು, ಅಂದರೆ ನಮ್ಮ ಕೆ.ಪಿ. ರಾವ್, ಇಂಗ್ಲಿಷ್ ಗುಂಡಿಗಳ ಮೇಲೆಯೇ ಕನ್ನಡ ಸಲೀಸಾಗಿ ಮೂಡುವ ಹಾಗೆ ಒಂದು ವಿನ್ಯಾಸ ಮಾಡಿಕೊಟ್ಟರಲ್ಲ, ನನ್ನ ಬೆರಳು ಅದನ್ನು ಕಲಿತದ್ದು ಈ ಗುಂಡಿಗಳ ಮೇಲೆ. ಈಗಿನ ಲ್ಯಾಪ್‌ಟಾಪಿನ ಗುಂಡಿಗಳು ಒತ್ತಿದರೂ ಒತ್ತಿದ ಹಾಗೆ ಅನಿಸುವುದಿಲ್ಲ.

ನಿವೃತ್ತಿಯಾದವನಿಗೆ ರಾತ್ರಿ ನಿದ್ದೆ ಕಡಿಮೆ, ಕುತೂಹಲ ಜಾಸ್ತಿ. ಪ್ರೊಸೆಸರುಗಳ ಜಾತಕ ಓದತೊಡಗಿದೆ. ಮೊದಲು ಗೊತ್ತಾದದ್ದು, ಇವುಗಳಲ್ಲಿ ಹೆಸರಿಗಿಂತ ಬಾಲವೇ ಮುಖ್ಯ ಎಂಬುದು. ಸಂಖ್ಯೆಯ ಕೊನೆಗೆ 'ಎಂ' ಅಥವಾ 'ಕ್ಯೂಎಂ' ಇದ್ದರೆ ಆ ಕಾಲದಲ್ಲಿ ಸಾಮಾನ್ಯವಾಗಿ ಅದು ಸಾಕೆಟ್ಟಿನಲ್ಲಿ ಕೂರುವ ಚಿಪ್ಪು, ಕಿತ್ತು ಬೇರೆ ಕೂರಿಸಬಹುದು. 'ಯು' ಇದ್ದರೆ ಮುಗಿಯಿತು, ಬೋರ್ಡಿಗೇ ಬೆಸೆದುಬಿಟ್ಟಿರುತ್ತಾರೆ. 2013ರಲ್ಲಿ ಬಂದ ನಾಲ್ಕನೇ ಪೀಳಿಗೆಯೊಂದಿಗೆ ಇಂಟೆಲ್‌ನ ಲ್ಯಾಪ್‌ಟಾಪ್ ಸಾಕೆಟ್ಟಿನ ಕಥೆ ಸಮಾಪ್ತಿ. ಐದನೇ ಪೀಳಿಗೆಯಿಂದ ಎಲ್ಲವೂ ಬೆಸುಗೆಯೇ. ತೆಳ್ಳಗಾಗಬೇಕೆಂದರೆ ಸಾಕೆಟ್ಟಿನ ಎತ್ತರವನ್ನೂ ಬಿಡಬೇಕಾಯಿತಂತೆ. ನನ್ನದು ಎರಡನೇ ಪೀಳಿಗೆ, ಬಾಲದಲ್ಲಿ ಎಂ. ಲಾಟರಿ ಹೊಡೆದವರ ಹಾಗೆ ಇವಳನ್ನು ಎಬ್ಬಿಸಿ ಹೇಳಿದೆ. "ಲೈಟ್ ಆರಸ್ರಿ" ಅಂದಳು.

ಹೈದರಾಬಾದಿನಲ್ಲಿ ಇಂಥ ಕೆಲಸಕ್ಕೆ ಹೋಗಬೇಕಾದ ಜಾಗ ಒಂದೇ: ಸಿಕಂದರಾಬಾದಿನ ಪಾರ್ಕ್ ಲೇನಿನ ಚಿನಾಯ್ ಟ್ರೇಡ್ ಸೆಂಟರ್. ಊರಿಗೆಲ್ಲ ಅದು ಸಿಟಿಸಿ. ನಾರಾಯಣಗುಡದಲ್ಲಿ ಹಸಿರು ಗೆರೆಯ ಮೆಟ್ರೊ ಹತ್ತಿ ಪರೇಡ್ ಗ್ರೌಂಡಿನಲ್ಲಿ ನೀಲಿ ಗೆರೆಗೆ ಬದಲಿಸಿದರೆ ಮುಂದಿನ ನಿಲ್ದಾಣವೇ ಪ್ಯಾರಡೈಸ್. ಅಲ್ಲಿಂದ ನಡೆಯುವ ದಾರಿ. ಪ್ಯಾರಡೈಸ್ ಅಂದಕೂಡಲೇ ನಿಮಗೆ ಬಿರಿಯಾನಿ ನೆನಪಾಗಿರುತ್ತದೆ. 1953ರಲ್ಲಿ ಅದೇ ಹೆಸರಿನ ಟಾಕೀಸಿನ ಮಗ್ಗುಲಲ್ಲಿ ಚಹಾ, ತಿಂಡಿಯ ಕೆಫೆಯಾಗಿ ಶುರುವಾದದ್ದು ಅದು. ಟಾಕೀಸು ಹೋಯಿತು, ಹೆಸರು ಹೋಟೆಲಿಗೆ ಉಳಿಯಿತು, ಹೋಟೆಲಿನಿಂದ ಚೌಕಕ್ಕೆ, ಚೌಕದಿಂದ ಮೆಟ್ರೊ ನಿಲ್ದಾಣಕ್ಕೆ ಹತ್ತಿತು. ನಾನು ಸಸ್ಯಾಹಾರಿ. ಆ ದಾರಿಯಲ್ಲಿ ಮೂಗನ್ನು ಹಿಡಿತದಲ್ಲಿಟ್ಟುಕೊಂಡು ನಡೆಯುವುದು ಒಂದು ವ್ರತ.

ಈ ಊರಿಗೂ ಕಂಪ್ಯೂಟರಿಗೂ ನಂಟು ಹೈಟೆಕ್ ಸಿಟಿಯಿಂದ ಶುರು ಎಂದು ನನ್ನ ಮಗನ ವಯಸ್ಸಿನವರು ತಿಳಿದಿದ್ದಾರೆ. ಸೈಬರ್ ಟವರ್ಸ್ ಉದ್ಘಾಟನೆಗೆ ವಾಜಪೇಯಿ ಬಂದದ್ದು 1998ರಲ್ಲಿ. ಅದಕ್ಕಿಂತ ಮೂರು ದಶಕ ಮೊದಲು, 1967ರಲ್ಲೇ, ಊರಿನ ಇನ್ನೊಂದು ತುದಿಯಲ್ಲಿ ಇಸಿಐಎಲ್ ಶುರುವಾಗಿತ್ತು. ಟ್ರಾಂಬೆಯಲ್ಲಿ ರೂಪುಗೊಂಡ ಟಿಡಿಸಿ-12 ಎಂಬ ಹನ್ನೆರಡು ಬಿಟ್ಟಿನ ದೇಶೀ ಕಂಪ್ಯೂಟರು ತಯಾರಾದದ್ದು ಅಲ್ಲಿ. ಆ ಸಂಸ್ಥೆಯನ್ನು ಕಟ್ಟಿದ ಎ.ಎಸ್. ರಾವ್ ಅವರ ಹೆಸರಿನ ಬಡಾವಣೆ ಇವತ್ತು ಬಟ್ಟೆ ಅಂಗಡಿ, ಟಿಫಿನ್ ಸೆಂಟರುಗಳಿಂದ ಗಿಜಿಗುಡುತ್ತದೆ. ಅಲ್ಲಿಗೆ ಹೋಗುವ ಆಟೋದವರಿಗೆ ಇಸಿಐಎಲ್ ಅಂದರೆ ಒಂದು ಚೌರಸ್ತೆ. ಇನ್ನು ಪಶ್ಚಿಮದ ಗಾಜಿನ ಕಟ್ಟಡಗಳಲ್ಲಿ ಚಿಪ್ಪಿನ ನಕ್ಷೆ ಬರೆಯುವ ಕೆಲಸ ನಡೆಯುತ್ತದೆ. ಇಂಟೆಲ್ ಕೂಡ 2019ರಲ್ಲಿ ಇಲ್ಲೊಂದು ವಿನ್ಯಾಸ ಕೇಂದ್ರ ತೆರೆಯಿತು. ಅಲ್ಲಿ ನಕ್ಷೆ ಬರೆಯುವವರಿಗೆ ತಮ್ಮ ಚಿಪ್ಪಿನ ಮುಪ್ಪು ಕಾಣುವುದಿಲ್ಲ. ಮುಪ್ಪು ಕಾಣಬೇಕೆಂದರೆ ಸಿಟಿಸಿಗೇ ಬರಬೇಕು.

ಅಂಗಡಿ ಅನ್ನುವುದಕ್ಕಿಂತ ಅದು ಗೋಡೆಯಲ್ಲಿನ ಗೂಡು. ಒಂದು ಟೇಬಲ್ಲು, ದೀಪ, ಹೊಟ್ಟೆ ಬಿಚ್ಚಿಕೊಂಡು ಮಲಗಿದ ಲ್ಯಾಪ್‌ಟಾಪುಗಳು. ಅಲ್ಲಿನ ಹುಡುಗ ನನ್ನದನ್ನು ತಿರುವಿ ನೋಡಿ ತಲೆಯೆತ್ತಿ ನನ್ನನ್ನೂ ಒಮ್ಮೆ ನೋಡಿದ. ಎರಡರಲ್ಲಿ ಯಾವುದು ಹಳೆಯದು ಎಂದು ಲೆಕ್ಕ ಹಾಕುತ್ತಿದ್ದನೋ ಏನೋ.

"ಕ್ಯಾ ಹೋನಾ ಅಂಕಲ್?"

"ಇದರ ಭೇಜಾ ಬದಲ್ನಾ" ಅಂದೆ. ನಮ್ಮ ರಾಯಚೂರು ಕಡೆಯವರ ಉರ್ದು ಹೀಗೆ ಅರ್ಧ ದಾರಿಯಲ್ಲಿ ಕನ್ನಡದ ಕೈ ಹಿಡಿದುಕೊಂಡೇ ನಡೆಯುತ್ತದೆ. ಅವನಿಗೆ ಅರ್ಥವಾಯಿತು. ಆಗದೆ ಏನು? 1956ರ ನವೆಂಬರ್ 1ರವರೆಗೆ ರಾಯಚೂರು, ಕಲಬುರಗಿ, ಬೀದರಿಗೆಲ್ಲ ಇದೇ ರಾಜಧಾನಿ. ನಾವು ಈ ಊರಿಗೆ ವಲಸೆ ಬಂದೆವು ಎಂದು ಯಾರಾದರೂ ಅಂದರೆ ನನಗೆ ಸಿಟ್ಟು ಬರುತ್ತದೆ. ಊರು ನಮ್ಮದೇ, ರಾಜ್ಯ ಎದ್ದು ಹೋಯಿತು ಅಷ್ಟೇ.

ನನಗೆ ನಾಲ್ಕು ಕೋರಿನ ಐ7 ಬೇಕಿತ್ತು, 2670ಕ್ಯೂಎಂ. ರಾತ್ರಿಯೆಲ್ಲ ಓದಿದ್ದೆನಲ್ಲ, ಸಂಖ್ಯೆ ಬಾಯಿಪಾಠ. ಹುಡುಗ ತಲೆಯಾಡಿಸಿದ. "ಚಾರ್ ಕೋರ್ ನಕ್ಕೋ ಅಂಕಲ್. ಗರಂ ಹೋತಾ. ಪಂಖಾ ಚಿಲ್ಲಾತಾ." ಅವನು ಹೇಳಿದ್ದರಲ್ಲಿ ಇಡೀ ಶಾಸ್ತ್ರವಿತ್ತು. ನನ್ನ ಐ3 ಇದ್ದದ್ದು 35 ವ್ಯಾಟಿನದು. ಆ ಕ್ಯೂಎಂ 45 ವ್ಯಾಟಿನದು. ಈ ಲ್ಯಾಪ್‌ಟಾಪಿನ ಒಂದೇ ತಾಮ್ರದ ಕೊಳವೆ, ಒಂದು ಚಿಕ್ಕ ಫ್ಯಾನು 35ರ ಬಿಸಿಯನ್ನು ಹೊರಹಾಕಲು ಲೆಕ್ಕ ಹಾಕಿ ಇಟ್ಟದ್ದು. ಹತ್ತು ವ್ಯಾಟು ಹೆಚ್ಚಾದರೆ ಚಿಪ್ಪು ತನ್ನನ್ನು ತಾನು ಉಳಿಸಿಕೊಳ್ಳಲು ವೇಗ ಇಳಿಸಿಕೊಳ್ಳುತ್ತದೆ. ಕೊಟ್ಟ ದುಡ್ಡು ಬಿಸಿಗಾಳಿಯಾಗಿ ಪಕ್ಕದ ಕಿಂಡಿಯಿಂದ ಹೋಗುತ್ತದೆ.

ಹಾಗಾದರೆ ಮೂರನೇ ಪೀಳಿಗೆಯದು? ಅದರಲ್ಲಿ 35 ವ್ಯಾಟಿನ ನಾಲ್ಕು ಕೋರಿನವೂ ಇವೆ, ಸಾಕೆಟ್ಟೂ ಇದೇ. ಅದಕ್ಕೂ ಉತ್ತರ ಸಿದ್ಧವಿತ್ತು: "ಬೈಠತಾ, ಪೆಹಚಾನ್ತಾ ನಹೀಂ." ಕೂರುತ್ತದೆ, ಗುರುತು ಹಿಡಿಯುವುದಿಲ್ಲ. ಬೋರ್ಡಿನ ಬಯಾಸ್‌ನಲ್ಲಿ ಆ ಚಿಪ್ಪಿನ ಪರಿಚಯ ಬರೆದಿರದಿದ್ದರೆ ಪರದೆ ಕಪ್ಪು. ಇದಕ್ಕೂ ಹಿಂದಿನ ಪೀಳಿಗೆಯ ಸಾಕೆಟ್ಟಿಗಂತೂ ಇದಕ್ಕಿರುವಂತೆಯೇ 988 ತೂತು. ಆದರೂ ಜೋಡಣೆ ಬೇರೆ, ಅದರದು ಇದರೊಳಗೆ ಕೂರುವುದೇ ಇಲ್ಲ. ನೆಂಟಸ್ತನ ಇದ್ದೂ ಇಲ್ಲದಂತಿರುವ ಇಂಥವರು ನಮ್ಮ ಬಳಗದಲ್ಲೂ ಇದ್ದಾರೆ, ಹೆಸರು ಬೇಡ.

ಕೊನೆಗೆ ಇತ್ಯರ್ಥವಾದದ್ದು ಐ7-2640ಎಂ. ಅದೇ 35 ವ್ಯಾಟು. ವೇಗ ಮಾತ್ರ 2.1 ಗಿಗಾಹರ್ಟ್ಸ್‌ನಿಂದ 2.8ಕ್ಕೆ, ಅವಸರ ಬಿದ್ದಾಗ 3.5ಕ್ಕೆ. ನನ್ನ ಐ3ಗೆ ಅವಸರವೆಂಬುದೇ ಗೊತ್ತಿರಲಿಲ್ಲ, ಆ ಸೌಲಭ್ಯವನ್ನೇ ಅದಕ್ಕೆ ಕೊಟ್ಟಿರಲಿಲ್ಲ. ಕೋರು ಮಾತ್ರ ಇದಕ್ಕೂ ಎರಡೇ. ಐ7 ಎಂಬ ಮನೆತನದ ಹೆಸರಿಟ್ಟುಕೊಂಡು ಎರಡೇ ಕೋರು! ಆದರೂ ಒಪ್ಪಿದೆ. ಹೊಸದಂತೂ ಅಲ್ಲ. ಪರದೆ ಒಡೆದದ್ದೋ, ಬೋರ್ಡು ಸುಟ್ಟದ್ದೋ ಯಾವುದೋ ಲ್ಯಾಪ್‌ಟಾಪಿನಿಂದ ಕಿತ್ತದ್ದು. ಲ್ಯಾಪ್‌ಟಾಪಿನಲ್ಲಿ ಎಲ್ಲಕ್ಕಿಂತ ಕೊನೆಗೆ ಸಾಯುವುದು ಪ್ರೊಸೆಸರೇ. ಹಿಂದೆ ಅದು ಯಾರ ಲೆಕ್ಕ ಬರೆದಿತ್ತೋ, ಯಾರ ಪ್ರೇಮಪತ್ರ ತಿದ್ದಿತ್ತೋ, ಇನ್ನು ಮುಂದೆ ಹರಟೆ ಬರೆಯಬೇಕು.

ಜೊತೆಗೆ ಹುಡುಗ ಡಾಕ್ಟರ ಮಾತನ್ನೂ ಹೇಳಿದ. ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿ, ರ‍್ಯಾಮ್ ಎಂಟು ಜಿಬಿ ಮಾಡಿಸಿ, ಪ್ರೊಸೆಸರ್ ಆಮೇಲೆ. ನಾನು ಜಿದ್ದಿಗೆ ಬಿದ್ದವನು. ಮೂರನ್ನೂ ಒಟ್ಟಿಗೇ ಮಾಡು ಎಂದೆ.

ಬಿಚ್ಚುವುದನ್ನು ನೋಡುವ ಸುಖ ಹೇಳತೀರದು. ತಳದ ಸ್ಕ್ರೂಗಳು ಒಂದೊಂದಾಗಿ ಕಾಂತದ ತಟ್ಟೆಗೆ ಬಿದ್ದವು. ಕೀಲಿಮಣೆ ಎದ್ದಿತು. ಅದರಡಿಯಲ್ಲಿ ಒಣಗಿದ ಒಗ್ಗರಣೆಯ ಸಾಸಿವೆಕಾಳು ಸಿಕ್ಕಿತು. ಹುಡುಗ ಏನೂ ಅನ್ನಲಿಲ್ಲ, ನಾನೂ ಅನ್ನಲಿಲ್ಲ. ಫ್ಯಾನಿನ ಬಾಯಲ್ಲಿ ಧೂಳು ಕಂಬಳಿಯಾಗಿ ಹೆಣೆದುಕೊಂಡಿತ್ತು. ತಾಮ್ರದ ಕೊಳವೆ ಎತ್ತಿದಾಗ ಅಡಿಯಲ್ಲಿ ಥರ್ಮಲ್ ಪೇಸ್ಟ್ ಸುಣ್ಣವಾಗಿ ಉದುರಿತು. ಒರೆಸಿದ ಮೇಲೆ ಕಂಡಿತು, ಹಸಿರು ಹಲಗೆಯ ನಡುವೆ ಕನ್ನಡಿಯಂತೆ ಹೊಳೆಯುವ ಸಿಲಿಕಾನ್ ಚೌಕ. ಬೆರಳ ತುದಿಯಲ್ಲಿ ಮುಚ್ಚಿಹೋಗುವಷ್ಟೇ. 1971ರಲ್ಲಿ ಇಂಟೆಲ್‌ನ ಮೊದಲ ಮೈಕ್ರೊಪ್ರೊಸೆಸರ್ 4004ರಲ್ಲಿ ಇದ್ದದ್ದು ಒಟ್ಟು 2300 ಟ್ರಾನ್ಸಿಸ್ಟರು. ಇದರಲ್ಲಿ ಐವತ್ತು ಕೋಟಿಗೂ ಮೇಲೆ. ಅಷ್ಟೆಲ್ಲ ಸೇರಿ ನನ್ನ ಉಪ್ಪಿಟ್ಟು ಮುಗಿಯುವುದರೊಳಗೆ ಏಳಲು ಆಗದೆ ಹೋಯಿತಲ್ಲ ಎಂದು ಒಂದು ಗಳಿಗೆ ಬೇಸರವಾಯಿತು.

ಸಾಕೆಟ್ಟಿನ ಪಕ್ಕದ ಚಿಕ್ಕ ಸ್ಕ್ರೂ ಅರ್ಧ ಸುತ್ತು ತಿರುವಿದರೆ ಹಿಡಿತ ಸಡಿಲ. ಹಳೆಯದು ಎದ್ದಿತು, ಹೊಸದು ಅದರ ಜಾಗದಲ್ಲಿ ಕೂತಿತು. ಮೂಲೆಯ ತ್ರಿಕೋನದ ಗುರುತಿಗೆ ಗುರುತು ಕೂಡಿಸಿ ಸುಮ್ಮನೆ ಇಟ್ಟರೆ ತಾನೇ ಇಳಿಯುತ್ತದೆ. ಒತ್ತಬಾರದು, ಒತ್ತಿದರೆ ಪಿನ್ನು ಬಾಗುತ್ತದೆ. ಮತ್ತೆ ಅರ್ಧ ಸುತ್ತು. ಒಂದು ತೊಟ್ಟು ಹೊಸ ಪೇಸ್ಟು. ಆಗ ಸರಿಯಾಗಿ ಇರಾನಿ ಚಹಾ ಬಂತು. ಹುಡುಗ ನನಗೂ ಒಂದು ಕಪ್ ಕೊಟ್ಟು, ಒಂದು ಕೈಯಲ್ಲಿ ಉಸ್ಮಾನಿಯಾ ಬಿಸ್ಕತ್ತು ಅದ್ದುತ್ತಲೇ ಇನ್ನೊಂದು ಕೈಯಲ್ಲಿ ಉಳಿದದ್ದನ್ನೆಲ್ಲ ಜೋಡಿಸಿಬಿಟ್ಟ.

ಗುಂಡಿ ಒತ್ತಿದ. ಕಪ್ಪು. ಫ್ಯಾನು ಒಮ್ಮೆ ಜೋರಾಗಿ ಸುತ್ತಿ ನಿಂತಿತು. ಚಹಾ ನನ್ನ ಗಂಟಲಲ್ಲೇ ನಿಂತಿತು. ಆಮೇಲೆ ಬೆಳಕು ಬಂತು, ಹೆಸರು ಬಂತು, ಪಾಸ್‌ವರ್ಡ್ ಕೇಳುವ ಪರದೆಯೂ ಬಂತು, ಅಷ್ಟು ಬೇಗ! ಟೈಪು ಮಾಡಹೋದರೆ ಒಂದಕ್ಷರವೂ ಮೂಡಲಿಲ್ಲ. ಕೀಲಿಮಣೆಯ ಪಟ್ಟಿ ಬಿಸ್ಕತ್ತಿನ ಭರಾಟೆಯಲ್ಲಿ ಸರಿಯಾಗಿ ಕೂತಿರಲಿಲ್ಲ. ಅಂದರೆ ಭೇಜಾ ಹೊಸದಾಗಿ, ಚುರುಕಾಗಿ, ಎಚ್ಚರಾಗಿ ಕೂತಿದೆ, ನಾನು ಹೇಳಿದ್ದು ಮಾತ್ರ ಅದಕ್ಕೆ ಮುಟ್ಟುತ್ತಿಲ್ಲ. ಮನೆಯಲ್ಲಿ ಅಭ್ಯಾಸವಿದ್ದುದರಿಂದ ನಾನೇನೂ ಗಾಬರಿಯಾಗಲಿಲ್ಲ. ಹುಡುಗ ಮತ್ತೆ ಬಿಚ್ಚಿದ, ಪಟ್ಟಿ ಒತ್ತಿದ, ಮುಚ್ಚಿದ.

ಭಾನುವಾರ ಮಗ ಬಂದ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೇ ಬೆಂಬಲ ನಿಂತಿದೆ, 11 ಬೇಕೆಂದರೆ ಬಹುಮಟ್ಟಿಗೆ ಎಂಟನೇ ಪೀಳಿಗೆಯ ಅಥವಾ ಅದರ ನಂತರದ ಪ್ರೊಸೆಸರೇ ಬೇಕು ಎಂದೆಲ್ಲ ಉಪದೇಶವಾಯಿತು. ಇದನ್ನು ನೆಟ್ಟಿಗೆ ಜೋಡಿಸುವುದಿಲ್ಲ, ಬರೀ ಬರೆಯಲಿಕ್ಕೆ ಎಂದೆ. ಹಾಗೆನ್ನುತ್ತ ಗುಂಡಿ ಒತ್ತಿದೆ. ಇವಳು ಒಲೆಯ ಮೇಲಿನ ಹಾಲು ನೋಡಿ ಬರುವುದರೊಳಗೆ ನುಡಿ ತೆರೆದುಕೊಂಡಿತ್ತು. "ಅಯ್ಯ, ಆಗ್ಲೇ ಎದ್ದದಲ್ರೀ!" ಅಂದಳು. ನಾನು ಐ7 ಎಂದು ಗತ್ತಿನಿಂದ ಹೇಳಿದೆ.

"ಅಪ್ಪಾ, ಅದು ಎಸ್‌ಎಸ್‌ಡಿ" ಅಂದ ಮಗ. "ಪ್ರೊಸೆಸರಿಂದು ಇದರಾಗ ಏನೂ ಇಲ್ಲ. ಹಳೇ ಹಾರ್ಡ್ ಡಿಸ್ಕ್ ಹಾಕಿ ನೋಡೋಣು, ಹತ್ತು ನಿಮಿಷದಾಗ ಗೊತ್ತಾಗ್ತದ. ಎಲ್ಲದ ಅದು?"

ಎಲ್ಲಿಟ್ಟೆನೋ ನೆನಪಿಲ್ಲಪ್ಪಾ, ವಯಸ್ಸಾಯ್ತು ನೋಡು, ಅಂದೆ. ಅದು ಮೇಜಿನ ಎರಡನೇ ಖಾನೆಯಲ್ಲಿ, ಪಾಸ್‌ಬುಕ್ಕುಗಳ ಕೆಳಗಿದೆ.