ಹಕ್ಕಿ ಮಾಸ್ತರು

ನಿವೃತ್ತ ಮಾಸ್ತರರಲ್ಲಿ ಮೊದಲು ಎರಡೇ ಪಂಗಡ ಇದ್ದವು: ಪ್ರವಚನಕ್ಕೆ ಹೋಗುವವರು, ವಿಮಾ ಏಜೆಂಟರಾಗುವವರು. ಈಗ ಮೂರನೆಯದೊಂದು ಹುಟ್ಟಿದೆ. ವಿಜಯಪುರದ ಬಡಾವಣೆಗಳಲ್ಲಿ ಓಣಿಗೊಬ್ಬರಂತೆ ಸಿಗುವ ಈ ತಳಿ ಜೈನಾಪುರಕ್ಕೂ ಬಂದಿದೆ. ಕೊರಳಲ್ಲಿ ದುರ್ಬೀನು, ಕಿಸೆಯಲ್ಲಿ ನೋಟುಬುಕ್ಕು, ಕಪಾಟಿನಲ್ಲಿ ತೇಜಸ್ವಿಯವರ ‘ಹಕ್ಕಿ ಪುಕ್ಕ’. ಸಲೀಂ ಅಲಿ ಹುಟ್ಟಿದ್ದು 1896ರ ನವೆಂಬರ್ 12ಕ್ಕೆ ಎಂಬುದು ಇವರ ದೆಸೆಯಿಂದ ಹಾಲು ಹಾಕುವವನಿಗೂ ಬಾಯಿಪಾಠ.

ಬಿಸಿಲು 40 ಡಿಗ್ರಿ ದಾಟಿತೆಂದರೆ ಮಾಳಿಗೆಯ ಮೇಲೆ ಅಗಲವಾದ ಮಣ್ಣಿನ ತಟ್ಟೆ ಏರುತ್ತದೆ. ನೀರು ಎರಡು ಬೆರಳಿಗಿಂತ ಆಳ ಇರಕೂಡದು, ಕೂರಲು ನಡುವೆ ಒಂದು ಕಲ್ಲು ಬೇಕು, ದಿನಾ ತಿಕ್ಕಿ ತೊಳೆಯಬೇಕು. ಮದುವೆಯಾದಾಗಿನಿಂದ ಗಂಡ ಒಂದು ಚಮಚ ತೊಳೆದದ್ದನ್ನು ಕಾಣದ ಬಾಯಿಯವರು ಈ ದೃಶ್ಯ ತೋರಿಸಲು ನೆರೆಮನೆಯವರನ್ನು ಕರೆಯುತ್ತಾರೆ.

ಅತಿಥಿಗಳಲ್ಲಿ ಮಾಸ್ತರರು ಭೇದ ಮಾಡುವವರೇ. ಜೋಳದ ನುಚ್ಚು ಚೆಲ್ಲಿದರೆ ಮೊದಲು ಇಳಿಯುವುದು ಪಾರಿವಾಳ. ಅವು ಕರೆಯದೆ ಪಂಕ್ತಿಗೆ ಕೂತವರು. ಟವೆಲ್ ಬೀಸಿ ಎಬ್ಬಿಸುತ್ತಾರೆ. ಗುಬ್ಬಿಗಾದರೆ 32 ಮಿಲಿಮೀಟರಿನ ತೂತು ಕೊರೆಸಿದ ಪೆಟ್ಟಿಗೆ ಕಾದಿದೆ. ಗುಬ್ಬಿ ತಾನು ಕಾಳು ತಿಂದರೂ ಮರಿಗೆ ಉಣಿಸುವುದು ಹುಳು ಎಂದು ಓದಿದ ದಿನವೇ ಕರಿಬೇವಿನ ಗಿಡಕ್ಕೆ ಔಷಧಿ ಹೊಡೆಯುವುದು ನಿಂತಿತು. ಅವರ ಎಲ್ಲ ಹುಚ್ಚಿನಲ್ಲಿ ಇದೊಂದು ಶುದ್ಧ ಬುದ್ಧಿಯ ಕೆಲಸ.

ಪಜೀತಿ ಮಾಡಿದ್ದು ಸೂರಕ್ಕಿ. ದಾಸವಾಳಕ್ಕೆ ಬಂದ ಗಂಡು, ಬೈಕಿನ ಕನ್ನಡಿಯಲ್ಲಿ ತನ್ನನ್ನೇ ಕಂಡು, ಯಾರೋ ಎದುರಾಳಿ ಎಂದು ಕುಕ್ಕತೊಡಗಿತು. ಕೊಕ್ಕು ಸವೆದೀತೆಂದು ಮಾಸ್ತರರು ಕನ್ನಡಿಗೆ ಕಾಲುಚೀಲ ತೊಡಿಸಿದರು. ಮರುದಿನ ಅದೇ ವೇಷದಲ್ಲಿ ಗಾಡಿ ಗೋಳಗುಮ್ಮಟದ ಮುಂದೆ ಬಂದಾಗ ಪೊಲೀಸರು ಕೈ ಅಡ್ಡ ಮಾಡಿದರು: “ಏನ್ರೀ ಸರ್, ಕನ್ನಡಿಗಿ ಥಂಡಿ ಹತ್ಯಾದೇನು?”

ಫೆಬ್ರುವರಿಯಲ್ಲಿ ಅವರ ಜಾತ್ರೆ. ಅಮೆರಿಕದಲ್ಲಿ 1998ರಲ್ಲಿ ಶುರುವಾಗಿ, 2013ರಿಂದ ಭಾರತದಲ್ಲೂ ನಡೆಯುವ ನಾಲ್ಕು ದಿನಗಳ ಹಿತ್ತಲ ಹಕ್ಕಿ ಎಣಿಕೆ. ಕನಿಷ್ಠ 15 ನಿಮಿಷ ಕೂತು, ಕಂಡ ಹಕ್ಕಿಗಳನ್ನು ಇ-ಬರ್ಡ್‌ಗೆ ಏರಿಸಬೇಕು. ಕಾಗೆ, ಗೊರವಂಕ, ಬೆಳವಗಳಲ್ಲೇ ಪಟ್ಟಿ ಮುಗಿದದ್ದು ಕಂಡು ಬೇಸರವಾಗಿ, ಮಾಸ್ತರರು ತಿಕೋಟಾದ ಬೀಗರ ದ್ರಾಕ್ಷಿ ತೋಟಕ್ಕೆ ಹೊರಟರು.

ದ್ರಾಕ್ಷಿಗೆ ಸಕ್ಕರೆ ಇಳಿಯುವ ಹೊತ್ತು ಅದು. ಬೀಗರು ಬಲೆ ಕಟ್ಟಿ, ಮಿಂಚುಪಟ್ಟಿ ಹಚ್ಚಿ, ಡಬ್ಬಿ ಬಡಿದು, ಪಟಾಕಿ ಹೊಡೆದು ಹಣ್ಣಾಗಿದ್ದರು. ಅಷ್ಟರಲ್ಲಿ ಪಕ್ಕದ ಬಿಳಿಜೋಳದ ಹೊಲದಿಂದ ಗುಲಾಬಿ ಮೈನಾಗಳ ಹಿಂಡು ಎದ್ದು ತೋಟದ ಕಡೆ ತಿರುಗಿತು.

“ಹೊಡೀಬ್ಯಾಡ್ರಿ ಬೀಗರ! ಮಧ್ಯ ಏಷ್ಯಾದಿಂದ ಬಂದಾವ್ರಿ ಅವು!”

“ಅಷ್ಟ ದೂರದಿಂದ ಬಂದಾವಂದ್ರ ನಿಮ್ಮ ಮಾಳಗಿ ಮ್ಯಾಲ ಕರಕೊಂಡ ಹೋಗಿ ನುಚ್ಚ ಹಾಕ್ರಿ. ಇಲ್ಲಿ ನಾ ಬ್ಯಾಂಕಿನ ಸಾಲ ತಗೊಂಡ ಹಚ್ಚೇನಿ.”

ಪಟಾಕಿ ಸಿಡಿಯಿತು. ಮಾಸ್ತರರು ನೋಟುಬುಕ್ಕಿನ ಷರಾ ಕಾಲಮ್ಮಿನಲ್ಲಿ ಬರೆದರು: ‘ಹಿಂಡು ದೊಡ್ಡದು. ಎಣಿಕೆ ಅಪೂರ್ಣ. ಕಾರಣ, ಬೀಗರು.’