ಥಾರ್ ಪಟ್ಟಿ

ಭಾವಮೈದ ಥಾರ್ ತಂದಾಗಿನಿಂದ ಮನೆಯಲ್ಲಿ ಮದುವೆ ಜವಳಿಯದಂಥ ಪಟ್ಟಿಯೊಂದು ಬೆಳೆಯುತ್ತಿದೆ: ಮಡ್ ಟೈರು, ಲಿಫ್ಟ್ ಕಿಟ್, ವಿಂಚು, ಸ್ನಾರ್ಕೆಲ್. ಕಂಪನಿ ಕೊಟ್ಟ 226 ಮಿ.ಮೀ. ಗ್ರೌಂಡ್ ಕ್ಲಿಯರೆನ್ಸ್ ಅವನಿಗೆ ಸಾಲದಂತೆ. ಗಾಡಿ ದಿನಾ ಓಡುವುದು ಮಾತ್ರ ಜಯನಗರದಿಂದ ವೈಟ್‌ಫೀಲ್ಡಿಗೆ! ಮಳೆಗಾಲದ ಹೊರವರ್ತುಲ ರಸ್ತೆ ಕಂಡ ಮೇಲೆ ಸ್ನಾರ್ಕೆಲ್ ಬೇಡ ಅನ್ನಲು ನನಗೂ ಬಾಯಿ ಬಾರದು ಬಿಡಿ. ಆದರೆ ಅದು ಎಂಜಿನ್ನಿಗೆ ಗಾಳಿ ಕೊಟ್ಟೀತೇ ಹೊರತು ಕೆಳಗಿನ ವೈರಿಂಗ್‌ಗೆ ಕೊಡೆ ಹಿಡಿಯುವುದಿಲ್ಲ. 650 ಮಿ.ಮೀ. ನೀರಿನವರೆಗೆ ಕಂಪನಿಯ ಭರವಸೆ, ಆಮೇಲೆ ದೇವರದ್ದು.

ಪಟ್ಟಿಯಲ್ಲಿ ಬುಲ್ ಬಾರೂ ಇತ್ತು. "2017ರಲ್ಲೇ ಕೇಂದ್ರ ಅದು ಕೂಡದು ಅಂದಿದೆ, ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಬೇರೆ ಇದೆ" ಎಂದೆ.

"ಭಾವ, ನೀವು ಆರ್‌ಟಿಒ ಕಡೆಯವರಾ?" ಎಂದ.

ಸಕಲೇಶಪುರದ ತೋಟಗಳಲ್ಲಿ ಹಳೇ ಜೀಪಿನವರು ಕಂಪನಿ ಗಾಡಿಯಲ್ಲೇ ಕಾಫಿ ಮೂಟೆ, ಆಳುಕಾಳು ಎಲ್ಲ ಹೇರಿಕೊಂಡು ಕೆಸರಿನ ಏರು ಹತ್ತುತ್ತಾರೆ. ಲೋ ಗೇರು, ಹದವಾದ ಕಾಲು, ಅಷ್ಟೇ. "ತೀರಾ ಜಾರಿದರೆ ಟೈರಿನ ಗಾಳಿ ಸ್ವಲ್ಪ ಇಳಿಸು, ಹಿಡಿತ ಬರುತ್ತೆ. ಇದಕ್ಕೆ ಕಾಸೂ ಖರ್ಚಿಲ್ಲ" ಎಂದು ಅವನಿಗೆ ಬುದ್ಧಿ ಹೇಳಿದೆ.

ಪಟ್ಟಿಗೆ ಏರ್ ಕಂಪ್ರೆಸರ್ ಸೇರಿತು.